ಹಲ್ಲಿನ ಲೆಕ್ಕ

ನನ್ನ ಬೆನ್ನಚೀಲದಲ್ಲಿ ಊರವರ ಹಲ್ಲು:
ಪ್ಲಾಸ್ಟರಿನ ಅಚ್ಚು, ಹತ್ತಿಯಲ್ಲಿ ಸುತ್ತಿ,
ಲ್ಯಾಬಿನಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಲ್ಯಾಬಿಗೆ,
ದಿನಕ್ಕೆ ಹನ್ನೆರಡು, ಹದಿನೈದು ಬಾಯಿ.
ಯಾವುದೂ ಮಾತಾಡುವುದಿಲ್ಲ, ಪುಣ್ಯ.

ಊರ ಹೆಸರು ವೂಚ್. ನಮ್ಮ ಮಾತಿನಲ್ಲಿ ಹಾಗೆಂದರೆ ದೋಣಿ.
ದೋಣಿ ಎಲ್ಲಿ ತೇಲಬೇಕು? ಹೊಳೆಗಳನ್ನೆಲ್ಲ
ಹತ್ತಿಗಿರಣಿಯ ಧಣಿಗಳು ಎಂದೋ
ನೆಲದಡಿಯ ಕೊಳವೆಗೆ ನೂಕಿದ್ದಾರೆ.
ಉಳಿದದ್ದು ಚಪ್ಪಟೆ ಬೀದಿ, ಟ್ರಾಮ್ ಹಳಿ, ಕಲ್ಲುಹಾಸು,
ಮತ್ತು ನಾನು, ಬೊಗ್ನಾ,
ಒಂದೇ ಗೇರಿನ ಮೇಲೆ.

ಸೈಕಲ್ಲಿಗೂ ಹಲ್ಲಿವೆ: ಮುಂದೆ ನಲವತ್ತಾರು, ಹಿಂದೆ ಹದಿನೇಳು.
ನಡುವೆ ಒಂದು ಚೈನು. ಮುಗಿಯಿತು ಸಂಸಾರ.
ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ರಗಳೆ ಇಲ್ಲ.

ಮೊದಲು ನನ್ನದೂ ಇಪ್ಪತ್ತೊಂದು ಗೇರಿನದೇ.
ಜನವರಿಯಲ್ಲಿ ಇಲ್ಲಿ ಹಿಮದ ಮೇಲೆ ಉಪ್ಪು ಎರಚುತ್ತಾರೆ;
ಉಪ್ಪು ತಿಂದ ಗೇರು ತುಕ್ಕು ಕಾರಲೇಬೇಕು.
ಕೆಸರುಹಿಮ ಹೆಪ್ಪುಗಟ್ಟಿ, ಚೈನು ಹಾರಿ,
ಮೂರನೇ ಸಲ ತಳ್ಳಿಕೊಂಡು ಹೋದಾಗ
ರಿಪೇರಿಯ ಲುದ್ವಿಕ್ ಏನೂ ಹೇಳದೆ
ತಂತಿ, ಸ್ಪ್ರಿಂಗು, ಸನ್ನೆ, ಪುಟ್ಟ ಪುಟ್ಟ ಗಾಲಿ
ಒಂದೊಂದೇ ಬಿಚ್ಚಿ ಡಬ್ಬಿಗೆ ಹಾಕಿದ.
ಡಬ್ಬಿ ಎತ್ತಿ ತೂಗಿ ನೋಡಿ, "ಒಂದು ಕೋಳಿಯಷ್ಟಿದೆ" ಎಂದ.
ಮುಂದಿನ ಬ್ರೇಕೊಂದನ್ನು ಉಳಿಸಿದ:
"ಕಾಲನ್ನು ನಂಬು, ಇದನ್ನೂ ನಂಬು."

ಇದರ ಗುಣ ಇಷ್ಟೇ.
ನೀನು ತುಳಿದರೆ ಅದು ಹೋಗುತ್ತದೆ;
ಅದು ಹೋಗುವಷ್ಟು ಹೊತ್ತೂ ನೀನು ತುಳಿಯಬೇಕು.
ಇಳಿಜಾರಿನಲ್ಲಿ ಕಾಲು ಚಾಚಿ
ಗಾಳಿ ಕುಡಿಯುತ್ತ ಕೂರುವ ಬಿಟ್ಟಿ ಸುಖ ಇಲ್ಲ.
ಹಿಂದಕ್ಕೊತ್ತಿದರೆ ನಿಧಾನ, ತಡೆದು ಹಿಡಿದರೆ ನಿಲುಗಡೆ.
ಕೆಂಪುದೀಪದೆದುರು
ಒಂದಂಗುಲ ಮುಂದೆ, ಒಂದಂಗುಲ ಹಿಂದೆ,
ನೆಲಕ್ಕೆ ಕಾಲೂರದೆ, ನಿಂತೂ ನಿಲ್ಲದೆ ತೂಗುತ್ತೇನೆ.
ಟ್ರಾಮಿನ ಕಿಟಕಿಯ ಮಗು
ಯಾವಾಗ ಬೀಳುತ್ತಾಳೋ ಎಂದು ಕಾಯುತ್ತದೆ.

ಅಜ್ಜಿ ಗೆನೊವೆಫಾ ನೋಡಿದ ದಿನವೇ ಗುರುತು ಹಿಡಿದಳು:
"ಇದು ನನ್ನ ಹೊಲಿಗೆಮಿಷನ್ನಲ್ಲವೇನೇ!"
ಕಾಲಡಿಯ ಹಲಗೆ ಚಕ್ರವನ್ನು,
ಚಕ್ರ ಮತ್ತೆ ಹಲಗೆಯನ್ನು ಆಡಿಸುತ್ತಿದ್ದ ಮಿಷನ್ನು.
ನಲವತ್ತು ವರ್ಷ ಕಂಡವರ ಕೋಟಿಗೆ ತೋಳು ಹೊಲಿದವಳು
ಈಗಲೂ ನಿದ್ದೆಯಲ್ಲಿ ಪಾದ ಆಡಿಸುತ್ತಾಳೆ.
ಕಂಬಳಿ ಅಲುಗುತ್ತದೆ.

ಅಕ್ಟೋಬರಿನಲ್ಲಿ ಒಬ್ಬ ಕದ್ದ.
ಹದಿನೇಳರ ಹುಡುಗ; ಕ್ಲಿನಿಕ್ಕಿನ ಮೆಟ್ಟಿಲಿಂದ
ನಾನು ಕೂಗುವಷ್ಟರಲ್ಲಿ ಹಾರಿ ಕೂತು ಬೀದಿ ಹಿಡಿದಿದ್ದ.
ಓಡಲಿಲ್ಲ ನಾನು. ನಡೆದೆ.
ತಿರುವಿನವರೆಗೆ ತುಳಿಯುತ್ತಾನೆ, ಗೊತ್ತು;
ತಿರುವಿನಲ್ಲಿ ಎಲ್ಲರಂತೆ ಕಾಲು ನಿಲ್ಲಿಸುತ್ತಾನೆ, ಅದೂ ಗೊತ್ತು.

ಹಳಿಗಳ ನಡುವೆ ಕೂತಿದ್ದ, ಬಾಯಿಗೆ ಅಂಗೈ ಒತ್ತಿ.
"ಏನಿದೆ ಇದರೊಳಗೆ?"
"ಏನೂ ಇಲ್ಲ," ಎಂದೆ.
ಹಿಂಚಕ್ರ ಎತ್ತಿ ಒಂದು ಸಲ ತಿರುಗಿಸಿ ತೋರಿಸಿದೆ:
ಜತೆಗೇ ಪೆಡಲೂ ಸುತ್ತಿತು, ಯಾರ ಕಾಲೂ ಇಲ್ಲದೆ.
ಅವನು ಸ್ವಲ್ಪ ಹಿಂದಕ್ಕೆ ಸರಿದ.
ಚೀಲದಿಂದ ಹತ್ತಿ ತೆಗೆದು ಉಂಡೆ ಮಾಡಿ ಕೊಟ್ಟೆ.
ಕಚ್ಚಿಕೊಂಡು ಹೋದ.

ಆಮೇಲೆ ಯಾವಾಗಲೋ ಒಂದು ಅಚ್ಚು ಬಂತು, ಮೇಲಿನ ಸಾಲು,
ಮುಂದಿನ ಹಲ್ಲು ಅರ್ಧಕ್ಕೆ ಮುರಿದದ್ದು.
ಚೀಟಿಯಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ.
ಯಾರದೋ. ಈ ಊರಲ್ಲಿ ಬೀಳುವವರಿಗೇನು ಬರ.
ಆದರೂ ಕಲ್ಲುಹಾಸಿನ ಬೀದಿ ಬಿಟ್ಟು
ಸುತ್ತಿ ಬಳಸಿ ಡಾಂಬರಿನ ಮೇಲೇ ಹೋದೆ,
ಹದಿನೈದು ನಿಮಿಷ ತಡವಾಗಿ,
ಒಂದು ಸುತ್ತೂ ಬಿಡದೆ ತುಳಿಯುತ್ತ.